ಎಣ್ಣೆ-ಗ್ಯಾಸ್ ಕಂಪನಿಯಲ್ಲಿ ಲೇಆಫ್ ಆದವರಿಗೆ ಟಿಎಎ ಸಿಗುತ್ತಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಯಜಮಾನರು ಹ್ಯೂಸ್ಟನ್‌ನ ಒಂದು ಡ್ರಿಲ್ಲಿಂಗ್ ಕಂಪನಿಯಲ್ಲಿದ್ದರು. ಹೋದ ವಾರ ಲೇಆಫ್ ಆಯಿತು. ಗ್ರೀನ್ ಕಾರ್ಡ್ ಇದೆ. ಆಮದಿನಿಂದ ಕೆಲಸ ಹೋದವರಿಗೆ ಟಿಎಎ ಅಂತ ಯೋಜನೆ ಇದೆ, ಮೂರು ಜನ ಸಹಿ ಹಾಕಿ ಅರ್ಜಿ ಕೊಟ್ಟರೆ ಕೋರ್ಸಿನ ಫೀಸು, ವಾರದ ಭತ್ಯೆ ಎರಡೂ ಸಿಗುತ್ತೆ ಅಂತ ಜೊತೆಯವರು ಹೇಳ್ತಿದ್ದಾರೆ. ನಿಜವೇ?

ಉತ್ತರ: ಹಿಂದೆ ನಿಜವಾಗಿತ್ತು, ಮೇಡಂ. ಟಿಎಎ ಅಂದರೆ ಟ್ರೇಡ್ ಅಡ್ಜಸ್ಟ್‌ಮೆಂಟ್ ಅಸಿಸ್ಟೆನ್ಸ್, ಅಮೆರಿಕದ 1974ರ ಟ್ರೇಡ್ ಆಕ್ಟ್ ಅಡಿಯ ಯೋಜನೆ. ಒಂದೇ ಕಡೆ ಕೆಲಸ ಮಾಡುತ್ತಿದ್ದ ಮೂವರು, ಯೂನಿಯನ್, ಕಂಪನಿ, ಇಲ್ಲವೇ ರಾಜ್ಯದ ಉದ್ಯೋಗ ಕಚೇರಿ, ಯಾರು ಬೇಕಾದರೂ ಅರ್ಜಿ ಹಾಕಬಹುದಿತ್ತು. ಆದರೆ 2022ರ ಜುಲೈ 1ರಿಂದ ಹೊಸ ಅರ್ಜಿಗಳ ತನಿಖೆಯೂ ಇಲ್ಲ, ತೀರ್ಮಾನವೂ ಇಲ್ಲ. ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಮತ್ತೆ ಅಧಿಕಾರ ಕೊಟ್ಟರೆ ಮಾತ್ರ ಆ ಬಾಗಿಲು ತೆರೆಯುತ್ತದೆ. ದಯವಿಟ್ಟು ಅದನ್ನು ನಂಬಿಕೊಂಡು ಟೆಕ್ಸಸ್‌ನ ಅನ್‌ಎಂಪ್ಲಾಯ್‌ಮೆಂಟ್ (ನಿರುದ್ಯೋಗ ಭತ್ಯೆ) ಅರ್ಜಿ ಮುಂದೂಡಬೇಡಿ. ಅರ್ಜಿ ಹಾಕಿದ ವಾರದ ಭಾನುವಾರದಿಂದ ಅದರ ಲೆಕ್ಕ ಶುರು. ಅದಕ್ಕೂ ಹಿಂದಿನ ವಾರಗಳು ಕೈಬಿಟ್ಟ ಹಾಗೇ.

ಪ್ರಶ್ನೆ: ನನ್ನನ್ನು 2021ರಲ್ಲೇ ತೆಗೆದಿದ್ದರು. ನನಗೇನಾದರೂ ಉಳಿದಿದೆಯಾ ಸರ್?

ಉತ್ತರ: ಇರಬಹುದು. ನಿಮ್ಮ ಘಟಕದ ಕಾರ್ಮಿಕರಿಗೆ ಆಗಲೇ ಪ್ರಮಾಣೀಕರಣ (ಟಿಎಎಗೆ ಅರ್ಹರು ಅನ್ನುವ ಕಾರ್ಮಿಕ ಇಲಾಖೆಯ ತೀರ್ಮಾನ) ಸಿಕ್ಕಿ, ನಿಮ್ಮ ಕೆಲಸ 2022ರ ಜೂನ್ 30ರೊಳಗೆ ಹೋಗಿದ್ದರೆ ಅರ್ಹತೆ ಉಳಿದಿರಬಹುದು. ಕಾರ್ಮಿಕ ಇಲಾಖೆಯ ಜಾಲತಾಣದಲ್ಲಿ ಕಂಪನಿ ಹೆಸರು, ಊರು ಹಾಕಿ ಹುಡುಕಿ. ಪ್ರತಿ ಅರ್ಜಿಗೂ ಟಿಎ-ಡಬ್ಲ್ಯು ಅಂತ ಶುರುವಾಗುವ ನಂಬರ್ ಇರುತ್ತದೆ. ತೀರ್ಮಾನದ ಪ್ರತಿ ತೆಗೆದು ಮೂರು ವಿಷಯ ನೋಡಿ: ಯಾವ ಊರಿನ ಘಟಕ, ಇಂಪ್ಯಾಕ್ಟ್ ಡೇಟ್ (ಯಾವ ದಿನದಿಂದಾಚೆಗೆ ಕೆಲಸ ಹೋದವರು ಸೇರುತ್ತಾರೆ ಅನ್ನುವ ತಾರೀಕು) ಯಾವುದು, ಗುತ್ತಿಗೆ ಏಜೆನ್ಸಿಯವರೂ ಸೇರಿದ್ದಾರಾ. ಎಷ್ಟೋ ಜನ ಎಡವುವುದು ಇಲ್ಲೇ. ಪ್ರಮಾಣೀಕರಣ ಸಿಗುವುದು ಇಡೀ ಕಂಪನಿಗಲ್ಲ, ಒಂದು ಘಟಕದ ಗುಂಪಿಗೆ. ಮಿಡ್‌ಲ್ಯಾಂಡ್ ಘಟಕದ ಕಾಗದ ಹ್ಯೂಸ್ಟನ್‌ನವರಿಗೆ ನಡೆಯುವುದಿಲ್ಲ. ವಾರದ ಭತ್ಯೆಯ ಗಡುವು ಮುಗಿದಿದ್ದರೂ ತರಬೇತಿಯ ಬಗ್ಗೆ ಕೇಳದೆ ಬಿಡಬೇಡಿ.

ಪ್ರಶ್ನೆ: ಹಳೇ ವಿಷಯ ಕೆದಕುತ್ತಿದ್ದೇನೆ, ಕ್ಷಮಿಸಿ. ಸೋಲಾರ್ ಪ್ಯಾನೆಲ್ ಮಾಡುವವರಿಗೆ ಸಿಗುತ್ತಿತ್ತು, ಎಣ್ಣೆ ಕೊರೆಯುವ ರಿಗ್‌ನವರಿಗೆ, ಕಲ್ಲಿದ್ದಲು ಗಣಿಯವರಿಗೆ ಯಾಕೆ ಅಷ್ಟು ಕಷ್ಟ?

ಉತ್ತರ: ಕ್ಷಮೆ ಯಾಕೆ, ಕೇಳಲೇಬೇಕಾದ ಪ್ರಶ್ನೆ. ಕೆಲಸ ಹೋಯಿತು ಅನ್ನುವುದೊಂದೇ ಸಾಲದು. ಕಾರ್ಮಿಕರು ಮಾಡುತ್ತಿದ್ದ ವಸ್ತುವಿನದೇ ಜಾತಿಯ ಅಥವಾ ಅದಕ್ಕೆ ನೇರ ಪೈಪೋಟಿ ಕೊಡುವ ಆಮದು ಏರಿರಬೇಕು, ಕಂಪನಿಯ ಮಾರಾಟ ಅಥವಾ ಉತ್ಪಾದನೆ ಇಳಿದಿರಬೇಕು, ಆ ಇಳಿತಕ್ಕೂ ಲೇಆಫ್‌ಗೂ ಆಮದೂ ಒಂದು ಮಹತ್ವದ ಕಾರಣ ಆಗಿರಬೇಕು. ಇಲ್ಲವೇ ಉತ್ಪಾದನೆಯೇ ಹೊರದೇಶಕ್ಕೆ ಹೋಗಿರಬೇಕು.

ಡ್ರಿಲ್ಲಿಂಗ್‌ನವರು 'ವಸ್ತು ತಯಾರಿಸುವವರಲ್ಲ, ಬರೀ ಸೇವೆ ಕೊಡುವವರು' ಅನ್ನುವ ತಕರಾರನ್ನು ಕಾಂಗ್ರೆಸ್ 1988ರಲ್ಲೇ ಬಗೆಹರಿಸಿತ್ತು. ಎಣ್ಣೆ, ನೈಸರ್ಗಿಕ ಅನಿಲದ ಶೋಧ ಅಥವಾ ಡ್ರಿಲ್ಲಿಂಗ್ ಮಾಡುವ ಕಂಪನಿಯನ್ನು ಅವುಗಳ ಉತ್ಪಾದಕ ಎಂದೇ ಪರಿಗಣಿಸಬೇಕು ಅಂತ ಕಾನೂನೇ ಹೇಳಿತು. ಅಷ್ಟಾದರೂ ಆಮದಿನ ಲೆಕ್ಕ ದಾಟಬೇಕಿತ್ತಲ್ಲ. 2014ರ ಮಧ್ಯದಲ್ಲಿ ಬ್ಯಾರೆಲ್‌ಗೆ 100 ಡಾಲರ್ ದಾಟಿದ್ದ ಬೆಲೆ 2016ರ ಆರಂಭಕ್ಕೆ 30ಕ್ಕಿಂತ ಕೆಳಗೆ ಬಂತು. ರಿಗ್‌ಗಳು ನಿಂತವು. ಬೆಲೆ ಬಿದ್ದದ್ದು ಲೇಆಫ್‌ಗೆ ಕಾರಣ ಇರಬಹುದು, ಆದರೆ ಕಾನೂನು ಕೇಳುವುದು ಬೆಲೆಯನ್ನಲ್ಲ, ಆಮದು ಏರಿತಾ ಅಂತ. 2020ರ ಏಪ್ರಿಲ್‌ನಲ್ಲಿ ಬೆಲೆ ಸೊನ್ನೆಗಿಂತ ಕೆಳಗೆ ಹೋದಾಗಲೂ ಮೂಲ ಕಾರಣ ಕೋವಿಡ್‌ನಿಂದ ಬೇಡಿಕೆ ಕುಸಿದದ್ದು.

ಕಲ್ಲಿದ್ದಲಿಗೆ ಇನ್ನೂ ಕಷ್ಟ. ಅದರ ಮಾರುಕಟ್ಟೆ ಕಿತ್ತುಕೊಂಡದ್ದು ಮುಖ್ಯವಾಗಿ ಅಮೆರಿಕದ್ದೇ ಅಗ್ಗದ ಗ್ಯಾಸು, ಹೊರಗಿಂದ ಬಂದ ಕಲ್ಲಿದ್ದಲಲ್ಲ. ಸೋಲಾರ್ ಪ್ಯಾನೆಲ್ಲಾದರೆ ಕಣ್ಣೆದುರಿನ ವಸ್ತು, ಆಮದಿನ ಅಂಕಿ ಸುಂಕದ ದಾಖಲೆಯಲ್ಲೇ ಸಿಗುತ್ತಿತ್ತು. 2011ರಲ್ಲಿ ದಿವಾಳಿಯಾದ ಸೋಲಾರ್ ಕಂಪನಿ ಸೋಲಿಂಡ್ರಾದ ಕಾರ್ಮಿಕರಿಗೆ ಅದೇ ವರ್ಷ ಪ್ರಮಾಣೀಕರಣ ಸಿಕ್ಕಿತ್ತು.

ಪ್ರಶ್ನೆ: ಒಂದು ಎಣ್ಣೆ ಕಂಪನಿಯ ಅಕೌಂಟ್ಸ್ ವಿಭಾಗವನ್ನೇ ಇಲ್ಲಿಂದ ಬೆಂಗಳೂರಿಗೆ ಸಾಗಿಸಿದರು. ಅದು ಲೆಕ್ಕಕ್ಕೆ ಬರುತ್ತಿತ್ತಾ?

ಉತ್ತರ: ಟಿಎಎಯ 2015ರ ಕಾನೂನು ಜಾರಿಯಲ್ಲಿದ್ದಾಗ ಸೇವೆಯ ಕೆಲಸವೂ ಸೇರುತ್ತಿತ್ತು, ಹೊರದೇಶಕ್ಕೆ ಸ್ಥಳಾಂತರ ಆದದ್ದೇ ಒಂದು ಆಧಾರ. 2021ರ ಜುಲೈ 1ರಿಂದ ನಿಯಮ ಹಿಂದಕ್ಕೆ ಸರಿದು, ವಸ್ತು ತಯಾರಿಸುವ ಕಂಪನಿಗಳ ಕಾರ್ಮಿಕರಷ್ಟೇ ಉಳಿದರು.

ಪ್ರಶ್ನೆ: ಹಾಗಾದರೆ ನಾವು ಈಗ ಮಾಡಬೇಕಾದ್ದೇನು ಸರ್? ಸೆವರೆನ್ಸ್ (ಕೆಲಸದಿಂದ ತೆಗೆಯುವಾಗ ಕೊಡುವ ಹಣ) ಕಾಗದ ಬಂದಿದೆ, ಇನ್ನೂ ಸಹಿ ಮಾಡಿಲ್ಲ.

ಉತ್ತರ: ಆ ಕಾಗದವನ್ನು ಸಾವಧಾನವಾಗಿ ಓದಿ, ಮೇಡಂ. ಟೆಕ್ಸಸ್‌ನಲ್ಲಿ ಸೇವಾವಧಿ ಲೆಕ್ಕ ಹಾಕಿ ಕೊಡುವ ಸೆವರೆನ್ಸ್ ಇದ್ದರೆ ಅಷ್ಟು ವಾರ ಅನ್‌ಎಂಪ್ಲಾಯ್‌ಮೆಂಟ್ ತಡೆಯುತ್ತಾರೆ. 'ಕಂಪನಿಯ ಮೇಲಿನ ಎಲ್ಲಾ ದಾವೆ ಹಕ್ಕುಗಳನ್ನು ಬಿಟ್ಟುಕೊಡುವುದಕ್ಕೆ ಪ್ರತಿಯಾಗಿ' ಅನ್ನುವ ಅರ್ಥದ ಸಾಲು ಇದ್ದರೆ ಆ ಹಣ ಅಲ್ಲಿ ಸೆವರೆನ್ಸ್ ಅನಿಸಿಕೊಳ್ಳುವುದಿಲ್ಲ. ಅರ್ಜಿಯಲ್ಲಿ ಸುಮ್ಮನೆ 'ಸೆವರೆನ್ಸ್ ಬಂದಿದೆ' ಅಂತ ಬರೆದು ವಾರಗಟ್ಟಲೆ ಹಣ ನಿಲ್ಲಿಸಿಕೊಳ್ಳುವವರಿದ್ದಾರೆ. ಕಾಗದದ ಪ್ರತಿಯನ್ನೇ ಕಳಿಸಿ. ಯಜಮಾನರಿಗೆ 40 ದಾಟಿದ್ದು, ವಯಸ್ಸಿನ ತಾರತಮ್ಯದ ಹಕ್ಕನ್ನೂ ಬಿಡಿಸಿಕೊಳ್ಳುವ ಕಾಗದವಾದರೆ ಯೋಚಿಸಲು ಕನಿಷ್ಠ 21 ದಿನ, ಗುಂಪು ಲೇಆಫ್ ಆಗಿದ್ದರೆ 45 ದಿನ ಕೊಡಲೇಬೇಕು. ಸಹಿ ಹಾಕಿದ ಮೇಲೂ 7 ದಿನ ಹಿಂತೆಗೆದುಕೊಳ್ಳಬಹುದು.

ಅನ್‌ಎಂಪ್ಲಾಯ್‌ಮೆಂಟ್ ಅರ್ಜಿಯಾದ ಮೂರು ಕೆಲಸದ ದಿನಗಳೊಳಗೆ ರಾಜ್ಯದ ಉದ್ಯೋಗ ಜಾಲತಾಣ ವರ್ಕ್‌ಇನ್‌ಟೆಕ್ಸಸ್‌ನಲ್ಲಿ ನೋಂದಾಯಿಸಿ. ಎರಡು ವಾರಕ್ಕೊಮ್ಮೆ ಹಣ ಕೇಳಿ ಅರ್ಜಿ ಹಾಕುವುದು ತಪ್ಪಬಾರದು.

ತರಬೇತಿಗೆ ಟಿಎಎ ಬದಲು ಈಗಿರುವುದು ವಯೋವಾ (WIOA) ಅನ್ನುವ ಉದ್ಯೋಗ ತರಬೇತಿ ಕಾಯ್ದೆಯ ಡಿಸ್‌ಲೊಕೇಟೆಡ್ ವರ್ಕರ್ (ಕೆಲಸ ಕಳೆದುಕೊಂಡವರ) ನೆರವು. ಇದಕ್ಕೆ ಆಮದು ರುಜುವಾತು ಬೇಡ. ಲೇಆಫ್ ಪತ್ರದ ಜೊತೆ ಇನ್ನೇನು ಬೇಕು ಅಂತ ಕೇಳಿಕೊಳ್ಳಿ. ಹತ್ತಿರದ ವರ್ಕ್‌ಫೋರ್ಸ್ ಸೊಲ್ಯೂಷನ್ಸ್ ಕಚೇರಿಗೆ ಹೋಗಿ. ಕೋರ್ಸಿಗೆ ಮೊದಲೇ ಫೀಸು ಕಟ್ಟಿಬಿಡಬೇಡಿ. ಅನುಮೋದಿತ ಪಟ್ಟಿಯ ಕೋರ್ಸಿಗೆ, ಅವರು ಒಪ್ಪಿದ ಮೇಲಷ್ಟೇ ಹಣ. ಗಂಡಸರಿಗೆ ಸೆಲೆಕ್ಟಿವ್ ಸರ್ವಿಸ್ (ಕಡ್ಡಾಯ ಸೇನಾ ಸೇವೆಯ ಪಟ್ಟಿ) ನೋಂದಣಿ ಕೇಳುತ್ತಾರೆ. ಯಜಮಾನರು 26 ತುಂಬಿದ ಮೇಲೆ ಮೊದಲ ಸಲ ಅಮೆರಿಕಕ್ಕೆ ಬಂದಿದ್ದರೆ ಆ ನೋಂದಣಿ ಬೇಕಿಲ್ಲ, ಆದರೆ ಅದಕ್ಕೆ ಪುರಾವೆ ಬೇಕು. ಮೊದಲ ಪ್ರವೇಶದ ಮುದ್ರೆ ಬಿದ್ದ ಹಳೇ ಪಾಸ್‌ಪೋರ್ಟ್ ಮನೆಯಲ್ಲಿ ಎಲ್ಲಿದೆ ಅಂತ ಈವತ್ತೇ ಹುಡುಕಿಡಿ.