ಆಂಕಲ್ ಆರ್ತ್ರೋಸ್ಕೋಪಿ ಆದ ಮೇಲೆ ಡವಡವ ಮಿಡಿಯುವ ಊತ: ಸಿರಿಂಜ್ ಹಾಕಿಸಬಹುದಾ?

ಪ್ರಶ್ನೆ: ಅಣ್ಣನಿಗೆ ಆಂಕಲ್‌ನ ಕೀಹೋಲ್ ಆಪರೇಷನ್ ಆಗಿ 12 ದಿನ. ಕೀಲಿನ ಮುಂಭಾಗದಲ್ಲಿ ಬೆಳೆದಿದ್ದ ಮೂಳೆಯ ಮುಳ್ಳು ತೆಗೆದಿದ್ದಾರೆ. ನಿನ್ನೆಯಿಂದ ಅಲ್ಲೇ ನಿಂಬೆಹಣ್ಣಿನಷ್ಟು ಊತ, ಕೈಯಿಟ್ಟರೆ ಮಿಡಿಯುತ್ತೆ. ಹೊಲಿಗೆಯ ಜಾಗದಿಂದ ಎರಡು ಸಲ ಕೆಂಪು ರಕ್ತ ಬಂದು ನಿಂತಿದೆ. ಜ್ವರ ಇಲ್ಲ, ಪಾದದ ಮೇಲೆ ನಾಡಿ ಸಿಗುತ್ತೆ. ಹತ್ತಿರದ ಕ್ಲಿನಿಕ್‌ನಲ್ಲಿ ಕೀವಿರಬಹುದು, ಸಿರಿಂಜ್ ಹಾಕಿ ಎಳೆಯೋಣ ಅಂದರು. ಎಳೆಸಬಹುದಾ ಡಾಕ್ಟರೇ?

ಮೂಳೆ ಶಸ್ತ್ರಚಿಕಿತ್ಸಕರು: ಬೇಡ. ಸೂಜಿಯೂ ಬೇಡ, ಬ್ಲೇಡೂ ಬೇಡ. ಮಿಡಿಯುವ ಊತ, ಬಿಟ್ಟು ಬಿಟ್ಟು ಬರುವ ಕೆಂಪು ರಕ್ತ, ಎರಡೂ ಸೇರಿದರೆ ಮೊದಲು ಯೋಚಿಸಬೇಕಾದದ್ದು ಸ್ಯೂಡೋಅನ್ಯೂರಿಸಂ. ಅಪಧಮನಿಯ ಗೋಡೆಯಲ್ಲಿ ತೂತಾಗಿ, ಸೋರಿದ ರಕ್ತ ಸುತ್ತಲಿನ ಅಂಗಾಂಶದೊಳಗೆ ಚೀಲ ಕಟ್ಟಿರುತ್ತದೆ. ಕೊಯ್ದರೆ ರಕ್ತ ಚಿಮ್ಮುತ್ತದೆ. ಇವತ್ತೇ ಆಪರೇಷನ್ ಮಾಡಿದವರಿಗೆ ತಿಳಿಸಿ, ಡಾಪ್ಲರ್ ಸ್ಕ್ಯಾನ್ (ರಕ್ತದ ಹರಿವು ತೋರಿಸುವ ಅಲ್ಟ್ರಾಸೌಂಡ್) ಮಾಡಿಸಿ. ನಾಡಿ ಸಿಗುತ್ತದೆ ಅಂತ ನಿರಾಳವಾಗಬೇಡಿ: ಪಾದಕ್ಕೆ ಹಿಂಬದಿಯ ಅಪಧಮನಿಯಿಂದಲೂ ರಕ್ತ ಬಂದು, ಅಂಗಾಲಿನ ಜೋಡಣೆಯ ಮೂಲಕ ಮೇಲಕ್ಕೆ ತಿರುಗುತ್ತದೆ. ಎಣ್ಣೆ ತಿಕ್ಕುವುದು, ಶಾಖ ಕೊಡುವುದು ಎರಡೂ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದ್ದರೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಮತ್ತೆ ರಕ್ತ ಬಂದರೆ ಬಟ್ಟೆಯಿಟ್ಟು ಬೆರಳಿಂದ ಒತ್ತಿ ಹಿಡಿದು ನೇರ ಎಮರ್ಜೆನ್ಸಿಗೆ. ಬೆರಳುಗಳು ತಣ್ಣಗಾಗಿ, ಬಿಳಿಚಿ, ಮರಗಟ್ಟಿದರೂ ಅಷ್ಟೇ, ಬೆಳಗಾಗಲಿ ಅಂತ ಕಾಯಬಾರದು.

ಪಿಜಿ ವಿದ್ಯಾರ್ಥಿ: ಪೋರ್ಟಲ್‌ಗಳು (ಉಪಕರಣ ತೂರಿಸುವ ರಂಧ್ರಗಳು) ಅಪಧಮನಿಯಿಂದ ದೂರವೇ ಇರುತ್ತವಲ್ಲ ಸರ್, ಏಟು ಬೀಳುವುದು ಹೇಗೆ?

ಮೂಳೆ ಶಸ್ತ್ರಚಿಕಿತ್ಸಕರು: ಕೀಲಿನ ಮಟ್ಟದಲ್ಲಿ ಆಂಟೀರಿಯರ್ ಟಿಬಿಯಲ್, ಅಂದರೆ ಕಾಲಿನ ಮುಂಬದಿಯ ಅಪಧಮನಿ, ಸಾಮಾನ್ಯವಾಗಿ ಹೆಬ್ಬೆರಳಿನ ಮತ್ತು ಉಳಿದ ಬೆರಳುಗಳ ಎಕ್ಸ್‌ಟೆನ್ಸರ್ (ಬೆರಳು ಮೇಲಕ್ಕೆತ್ತುವ) ಸ್ನಾಯುರಜ್ಜುಗಳ ನಡುವೆ, ಡೀಪ್ ಪೆರೋನಿಯಲ್ ನರದ ಜೊತೆ ಇಳಿಯುತ್ತದೆ. ಅದಕ್ಕೇ ನಡುಮುಂದಿನ ಪೋರ್ಟಲ್ ಅಂದರೆ ಭಯ. ಕೆಲವರಲ್ಲಿ ಅಪಧಮನಿ ಹೊರಬದಿಗೆ ಸರಿದಿರುತ್ತದೆ, ಆಗ ಆಂಟೀರೋಲ್ಯಾಟರಲ್ (ಮುಂದಿನ ಹೊರಬದಿಯ) ಪೋರ್ಟಲ್ ಕೂಡ ಸುರಕ್ಷಿತ ಅಲ್ಲ. ಆದರೆ ಪೋರ್ಟಲ್‌ಗಿಂತ ಶೇವರ್ (ತಿರುಗುವ ಬ್ಲೇಡಿನ ಉಪಕರಣ) ಮೇಲೆ ನನಗೆ ಅನುಮಾನ ಜಾಸ್ತಿ. ಮುಂದಿನ ಕ್ಯಾಪ್ಸೂಲ್ (ಕೀಲಿನ ಹೊದಿಕೆ) ತೆಳು, ಅದರಾಚೆಯೇ ರಕ್ತನಾಳ. ಕಾಲನ್ನು ಎಳೆದು ಹಿಡಿದಾಗ ಕ್ಯಾಪ್ಸೂಲ್ ಬಿಗಿದು ಅವೆರಡೂ ಇನ್ನೂ ಹತ್ತಿರ. ಮುಳ್ಳು ತೆಗೆಯುವಾಗ ಪಾದವನ್ನು ಮೇಲಕ್ಕೆ ಮಡಿಸಿದರೆ ಮುಂದೆ ಜಾಗ ಸಿಗುತ್ತದೆ. ಬ್ಲೇಡಿನ ಬಾಯಿ ಸದಾ ಮೂಳೆಯ ಕಡೆಗಿರಲಿ, ಕ್ಯಾಪ್ಸೂಲ್ ಹತ್ತಿರ ಶೇವರ್‌ನ ಸಕ್ಷನ್ (ಹೀರುವಿಕೆ) ತಗ್ಗಿಸಿ. ಚರ್ಮ ಮಾತ್ರ ಕೊಯ್ದು, ಒಳಗೆ ಮಸ್ಕಿಟೊ ಫೋರ್ಸೆಪ್ಸ್‌ನಿಂದ (ಸಣ್ಣ ಚಿಮಟ) ಬಿಡಿಸಿಕೊಂಡು ಹೋಗಿ. ಟೂರ್ನಿಕೆ (ರಕ್ತ ತಡೆಯುವ ಪಟ್ಟಿ) ಕಟ್ಟಿರುವಾಗ ಸೋರಿಕೆ ಕಾಣುವುದಿಲ್ಲ, ಹೊಲಿಗೆಗೆ ಮೊದಲು ಅದನ್ನು ಇಳಿಸಿ ನೋಡುವ ಅಭ್ಯಾಸ ಒಳ್ಳೆಯದು.

ವಾಸ್ಕ್ಯುಲರ್ ಸರ್ಜನ್: ಡಾಪ್ಲರ್‌ನಲ್ಲಿ ಚೀಲದ ಕತ್ತಿನೊಳಗೆ ರಕ್ತ ಹೋಗಿ ಬರುವ ಅಲೆ ಕಂಡರೆ ರೋಗ ಖಚಿತ. ಚಿಕಿತ್ಸೆಗೆ ಮೊದಲು ಸಿಟಿ ಆಂಜಿಯೋ (ರಕ್ತನಾಳಗಳ ಸಿಟಿ ಸ್ಕ್ಯಾನ್) ಮಾಡಿಸುತ್ತೇವೆ, ಹಿಂಬದಿಯ ಅಪಧಮನಿ ಚೆನ್ನಾಗಿದೆಯೇ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅದು ಚೆನ್ನಾಗಿದ್ದರೆ ಏಟು ಬಿದ್ದ ಅಪಧಮನಿಯನ್ನು ಕಾಯಿಲ್ (ಸಣ್ಣ ಲೋಹದ ಸುರುಳಿ) ಹಾಕಿ ಮುಚ್ಚಬಹುದು ಅಥವಾ ಗಂಟು ಹಾಕಬಹುದು. ಇಲ್ಲವಾದರೆ ತೂತು ಹೊಲಿಯಬೇಕು, ಇಲ್ಲವೇ ಕಾಲಿನದೇ ಅಭಿಧಮನಿಯ ತುಂಡು ಜೋಡಿಸಬೇಕು. ಚೀಲ ಚಿಕ್ಕದಾಗಿ ಕತ್ತು ಕಿರಿದಾಗಿದ್ದರೆ ಸ್ಕ್ಯಾನ್ ನೋಡುತ್ತಾ ಥ್ರಾಂಬಿನ್ (ರಕ್ತ ಹೆಪ್ಪುಗಟ್ಟಿಸುವ ಔಷಧ) ಚುಚ್ಚುವುದುಂಟು. ಕತ್ತು ಅಗಲವಾಗಿದ್ದರೆ ಹೆಪ್ಪು ಜಾರಿ ಬೆರಳಿನತ್ತ ಹೋಗುವ ಅಪಾಯವಿದೆ.

ಪ್ರಶ್ನೆ: ಥ್ಯಾಂಕ್ಸ್ ಸರ್, ಹೊರಟಿದ್ದೇವೆ. ಫಿಸಿಯೋ?

ಮೂಳೆ ಶಸ್ತ್ರಚಿಕಿತ್ಸಕರು: ಸ್ಕ್ಯಾನ್ ರಿಪೋರ್ಟ್ ಬರುವವರೆಗೆ ನಿಲ್ಲಿಸಿ. ಕಾಲು ಊರಿಸಬೇಡಿ.