ಆರ್‌ಸಿಸಿ ತಾರಸಿ ಮೇಲೆ ನೇರವಾಗಿ ಮಣ್ಣು ಹಾಸಬಹುದೇ?

ಪ್ರಶ್ನೆ: ಬೆಂಗಳೂರಿನಲ್ಲಿ 20×30 ಅಡಿ ತಾರಸಿ, ಮೋಲ್ಡ್ 5 ಇಂಚು. ಕುಂಡ ಬೇಡ, ಮಣ್ಣು ಹಾಸಿ ಹುಲ್ಲು, ಸೊಪ್ಪು ಬೆಳೆಸಬೇಕು. ಎಷ್ಟು ದಪ್ಪ ಹಾಕಬಹುದು? ಕೆಳಗೆ ಏನೇನು ಪದರ ಬೇಕು?

ಉತ್ತರ 1: ಮೊದಲು ತೂಕ ನೋಡಿ. ಓಡಾಡುವ ತಾರಸಿಗೆ ಐಎಸ್ 875ರಲ್ಲಿ (ಕಟ್ಟಡದ ಭಾರಗಳ ಭಾರತೀಯ ಮಾನದಂಡ) ಹಿಡಿಯುವ ಚಲಭಾರ (ಜನ, ಸಾಮಾನಿನಂಥ ಬಂದುಹೋಗುವ ತೂಕ) ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕೆಜಿ. ನೆನೆದ ತೋಟದ ಮಣ್ಣು 10 ಸೆಂ.ಮೀ. ದಪ್ಪಕ್ಕೇ ಚದರ ಮೀಟರಿಗೆ 160–180 ಕೆಜಿ ತೂಗುತ್ತೆ. ಜನ ಕಾಲಿಡೋ ಮುಂಚೆಯೇ ಲೆಕ್ಕ ಮುಗೀತು! ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಪರ್ಲೈಟ್ (ಉಬ್ಬಿಸಿದ ಹಗುರ ಕಲ್ಲಿನ ಕಾಳು), ಕಾಂಪೋಸ್ಟ್ ಮಿಶ್ರಣ ಹಗುರ. 1 ಲೀಟರ್ ಡಬ್ಬಿ ತುಂಬಿ, ನೀರು ಹೊಯ್ದು ತೂಗಿ. ಬಂದ ಕೆಜಿಯನ್ನು 10ರಿಂದಲೂ ಸೆಂ.ಮೀ. ದಪ್ಪದಿಂದಲೂ ಗುಣಿಸಿದರೆ ಚದರ ಮೀಟರಿನ ಭಾರ ಸಿಗುತ್ತೆ. ಆ ಅಂಕಿ, ಡ್ರಾಯಿಂಗ್ ಎರಡನ್ನೂ ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರಿಸದೆ ಒಂದು ಬುಟ್ಟಿ ಮಣ್ಣೂ ಏರಿಸಬೇಡಿ.

ಉತ್ತರ 2: ಪದರಗಳು ಕೆಳಗಿನಿಂದ: ವಾಟರ್‌ಪ್ರೂಫಿಂಗ್ ಲೇಪನ, ಬೇರು ತಡೆಯುವ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಹಾಳೆ, 20–30 ಮಿ.ಮೀ. ಡ್ರೈನ್ ಸೆಲ್ (ನೀರು ಹರಿದುಹೋಗಲು ತೂತಿರುವ ಪ್ಲಾಸ್ಟಿಕ್ ಹಲಗೆ), ಜಿಯೋಟೆಕ್ಸ್‌ಟೈಲ್ (ನೀರು ಬಿಟ್ಟು ಮಣ್ಣು ತಡೆಯುವ) ಬಟ್ಟೆ, ಆಮೇಲೆ ಮಣ್ಣು. ಬಟ್ಟೆ ಬಿಟ್ಟರೆ ಕೊಕೊಪೀಟಿನ ಪುಡಿ ಇಳಿದು ಸೆಲ್ ಕಟ್ಟಿಕೊಳ್ಳುತ್ತೆ. ಸೋರಿಕೆ ಹೆಚ್ಚಾಗಿ ಶುರುವಾಗೋದು ಪ್ಯಾರಪೆಟ್ ಮೂಲೆಯಲ್ಲಿ. ಅಲ್ಲಿ ಗಾರೆಯಿಂದ ಗುಂಡಗೆ ಮಾಡಿ, ಲೇಪನವನ್ನು ಮಣ್ಣಿನ ಮಟ್ಟಕ್ಕಿಂತ 15 ಸೆಂ.ಮೀ. ಮೇಲಕ್ಕೆ ಒಯ್ಯಿರಿ. ಮೇಲಿನ ಪದರ ಹಾಕುವ ಮೊದಲು 48 ಗಂಟೆ ನೀರು ನಿಲ್ಲಿಸಿ ಪರೀಕ್ಷಿಸಿ; ಆಮೇಲೆ ಸೋರಿದರೆ ಎಲ್ಲ ಬಗೆಯಬೇಕು.

ಪ್ರಶ್ನೆ: ಮಳೆನೀರಿನ ಪೈಪ್ ಒಂದೇ ಇದೆ. ಸಾಕೇ?

ಉತ್ತರ 3: ಸಾಲದು. ಅದು ಎಲೆಯಿಂದ ಕಟ್ಟಿಕೊಂಡು 5 ಸೆಂ.ಮೀ. ನೀರು ನಿಂತರೆ ನಿಮ್ಮ ತಾರಸಿ ಮೇಲೆ ಸುಮಾರು 2.8 ಟನ್ ಹೆಚ್ಚುವರಿ ಭಾರ. ಎರಡನೇ ಪೈಪ್ ಹಾಕಿಸಿ. ಬಾಯಿಯ ಸುತ್ತ 30 ಸೆಂ.ಮೀ. ಬರೀ ಜಲ್ಲಿ ಇರಲಿ. ಹಕ್ಕಿ ಹಾಕಿದ ಬೀಜದಿಂದ ಅರಳಿ ಸಸಿ ಎದ್ದರೆ ಎರಡೆಲೆ ಇದ್ದಾಗಲೇ ಕಿತ್ತುಬಿಡಿ.