ಬ್ರಾಡ್‌ಹೆಡ್ (ಬೇಟೆಯ ಅಲಗಿನ ಮೊನೆ) ಹಾಕಿದರೆ ಬಾಣ ಎಡಕ್ಕೆ ಹೋಗುತ್ತಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನಿರುವುದು ವಿಸ್ಕಾನ್ಸಿನ್‌ನಲ್ಲಿ. ಇಲ್ಲಿ ಬಿಲ್ಲಿನಲ್ಲಿ ಜಿಂಕೆ ಬೇಟೆಯಾಡುವ ಸೀಸನ್ ಸೆಪ್ಟೆಂಬರ್ ಮಧ್ಯದಲ್ಲಿ ಶುರು. ಲೈಸೆನ್ಸ್ ತೆಗೆದುಕೊಂಡಾಯಿತು, ಆದರೆ ಬಾಣ ಮಾತು ಕೇಳುತ್ತಿಲ್ಲ.

ನನ್ನದು ಬಲಗೈ ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ಚಕ್ರ ಇರುವಂಥದ್ದು), 60 ಪೌಂಡ್ ಎಳೆತ. ಬಾಣ 28 ಇಂಚು, ಸ್ಪೈನ್ (ಬಾಣ ಎಷ್ಟು ಬಾಗುತ್ತದೆ ಎಂಬ ಅಳತೆ; ಸಂಖ್ಯೆ ಕಡಿಮೆಯಾದಷ್ಟೂ ಗಟ್ಟಿ) 340. ಪ್ರಾಕ್ಟೀಸಿನ 100 ಗ್ರೇನ್ ಫೀಲ್ಡ್ ಪಾಯಿಂಟ್ (ಅಲಗಿಲ್ಲದ ಮೊನೆ) ಹಾಕಿದರೆ 40 ಗಜದಲ್ಲೂ ಎಲ್ಲ ಬಾಣಗಳೂ ಒಂದೇ ಕಡೆ ನಾಟುತ್ತವೆ. ಅದೇ ತೂಕದ ಮೂರು ಅಲಗಿನ ಫಿಕ್ಸೆಡ್ ಬ್ರಾಡ್‌ಹೆಡ್ ಹಾಕಿದರೆ ಮಾತ್ರ ಆರು ಇಂಚು ಎಡಕ್ಕೆ! 20 ಗಜದಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ.

ಬಾಣಗಳನ್ನೆಲ್ಲ ತಿರುಗಿಸಿ ನೋಡಿದೆ, ತುದಿ ಅಲುಗಾಡುತ್ತಿದ್ದ ಎರಡನ್ನು ಪಕ್ಕಕ್ಕಿಟ್ಟೆ. ಬಿಗಿಯಾಗಿ ಕಟ್ಟಿದ ಪೇಪರ್‌ಗೆ ಹೊಡೆದು ನೋಡಿದರೆ ಬಾಣದ ಬಾಲ ಪೇಪರನ್ನು ಮೊನೆಯ ತೂತಿನ ಬಲಕ್ಕೆ ಹರಿಯುತ್ತದೆ. ಅದಕ್ಕೇ ರೆಸ್ಟನ್ನು (ಬಿಲ್ಲಿನಲ್ಲಿ ಬಾಣ ಕೂರುವ ಆಸರೆ) ಸ್ವಲ್ಪ ಸ್ವಲ್ಪವೇ, ಎರಡು ಸಲ ಬಲಕ್ಕೆ ಸರಿಸಿದೆ. ಆರು ಇಂಚು ಮೂರಕ್ಕೆ ಇಳಿಯಿತು, ಆಮೇಲೆ ಅಲ್ಲೇ ನಿಂತುಬಿಟ್ಟಿದೆ.

ಗೊಂದಲ ಇಲ್ಲೇ. ಅಂಗಡಿಯವರು ಸ್ಪೈನ್ ಗಟ್ಟಿಯಾಯಿತು, 400 ತಗೊಳ್ಳಿ ಎನ್ನುತ್ತಾರೆ. ಜೊತೆಗೆ ಬೇಟೆಗೆ ಬರುವ ಗೆಳೆಯ, ಹಿಡಿಯನ್ನು ಬಿಗಿಯಾಗಿ ಹಿಡಿದು ಬಿಲ್ಲು ತಿರುಚುತ್ತಿದ್ದೀಯ ಅಂತಾನೆ. ಗುರಿ ನೋಡುವ ಸೈಟ್ ಸರಿಸಿ ಸುಮ್ನೆ ಹೊಂದಿಸಿಕೊಳ್ಳಬಹುದು, ಆದರೆ ಬಾಣ ಓರೆಯಾಗಿ ಹಾರಿದರೆ ಆಳಕ್ಕೆ ಇಳಿಯುವುದಿಲ್ಲ, ಜಿಂಕೆ ಗಾಯಗೊಂಡು ನರಳುತ್ತದೆ ಅಲ್ವಾ? ಅದು ನನಗೆ ಬೇಡ.

ಉಳಿದ ಮೂರು ಇಂಚಿಗೆ ರೆಸ್ಟನ್ನೇ ಇನ್ನೂ ಸರಿಸಲೇ, ಬಿಲ್ಲಿನ ತುದಿಯ ಚಕ್ರದ (ಕ್ಯಾಮ್) ಓರೆ ನೋಡಿಸಲೇ, ಇಲ್ಲ ಬಾಣವನ್ನೇ ಬದಲಿಸಲೇ? ಮೊದಲು ಯಾವುದು? ತಪ್ಪು ನನ್ನ ಹಿಡಿತದ್ದೋ ಬಿಲ್ಲಿನದ್ದೋ ಎಂದು ಗೊತ್ತು ಮಾಡಿಕೊಳ್ಳುವುದು ಹೇಗೆ?